ತೆರೆಂತಿಯ ಲಾರಿ ನಿಂತ ದಿನ

ಕುಂದುಲಾಖ್ ಊರಿನಲ್ಲಿ ಚಳಿಗಾಲ ಹಿಡಿದ ಮೇಲೆ ಯಾರೂ ಲಾರಿಯನ್ನು ಆಫ್ ಮಾಡುವುದಿಲ್ಲ. ಅಕ್ಟೋಬರಿನಲ್ಲಿ ಒಮ್ಮೆ ಸ್ಟಾರ್ಟ್ ಮಾಡಿದರೆ, ಮೇ ತಿಂಗಳಲ್ಲಿ ಅಲ್ದಾನ್ ನದಿಯ ಮೇಲಿನ ಮಂಜುಗಡ್ಡೆ ಬಿರಿಯುವ ತನಕ ಅದು ಅಂಗಳದಲ್ಲಿ ಗುರುಗುಡುತ್ತಲೇ ಇರಬೇಕು. ಡ್ರೈವರು ಉಣ್ಣಲಿ, ಗೊರಕೆ ಹೊಡೆಯಲಿ, ಹೆಂಡತಿಯ ಕೈಲಿ ಬೈಸಿಕೊಳ್ಳಲಿ, ಲಾರಿ ಮಾತ್ರ ತನ್ನ ಪಾಡಿಗೆ ತಾನು ಮಂತ್ರ ಹೇಳುತ್ತಿರಬೇಕು. ಮೈನಸ್ ಐವತ್ತರ ಚಳಿಯಲ್ಲಿ ಆಫ್ ಮಾಡಿದ ಡೀಸೆಲ್ ಇಂಜಿನ್ ತಾನಾಗಿ ಮತ್ತೆ ಸ್ಟಾರ್ಟ್ ಆಯಿತು ಎಂದರೆ, ಮಣ್ಣು ಮಾಡಿದ ಮಾವ ಎದ್ದುಬಂದು ಚಹಾ ಕೇಳಿದ ಎಂದ ಹಾಗೆ.

ಒಂದೇ ಒಂದು ಸಂದರ್ಭಕ್ಕೆ ಲಾರಿ ನಿಲ್ಲುತ್ತದೆ. ಡ್ರೈವರು ಸತ್ತಾಗ. ಆಗ ಮನೆಯವರೇ ಹೋಗಿ ಇಂಜಿನ್ ನಿಲ್ಲಿಸುತ್ತಾರೆ. ಒಂದು ರಾತ್ರಿ ಲಾರಿ ಮೌನವಾಗಿರುತ್ತದೆ. ಮಾರನೆಯ ದಿನ ಮನೆಗೊಂದು ಹೊರೆ ಸೌದೆ ಬಂದು, ಊರೆಲ್ಲ ಸೇರಿ ಬೆಂಕಿ ಹಾಕಿ ಲಾರಿಯನ್ನು ಎಬ್ಬಿಸಿ, ಸತ್ತವನನ್ನು ಅವನದೇ ಲಾರಿಯಲ್ಲಿ ಗುಡ್ಡದ ಮೇಲಿನ ಸ್ಮಶಾನಕ್ಕೆ ಒಯ್ಯುತ್ತಾರೆ. ಇದು ಯಾವ ಕಾನೂನಿನಲ್ಲೂ ಇಲ್ಲ. ಕಾನೂನು ಬರೆಯುವವರು ಬೆಚ್ಚಗಿನ ಕೋಣೆಯಲ್ಲಿ ಕುಂಡೆಯೂರಿ ಕೂತಿರುತ್ತಾರೆ, ಅವರಿಗೆ ಲಾರಿಯೂ ಗೊತ್ತಿಲ್ಲ, ಸಾವೂ ಗೊತ್ತಿಲ್ಲ. ಇಡೀ ಊರಿನಲ್ಲಿ ಬೆಚ್ಚಗಿನ ಗ್ಯಾರೇಜು ಇರುವುದು ಒಂದೇ, ಅದರಲ್ಲಿ ನಿಲ್ಲುವುದು ಪಂಚಾಯ್ತಿ ಅಧ್ಯಕ್ಷರ ಜೀಪು.

ಇಂಥ ಊರಿನ ಡ್ರೈವರ್ ತೆರೆಂತಿಗೆ ಆ ವರ್ಷ ಮೂತ್ರಪಿಂಡದ ಕೃಪೆಯಿಂದ ಒಂದು ಯೋಗ ಬಂತು. ನವೆಂಬರಿನಲ್ಲಿ ಅವನನ್ನು ಕಪ್ಪು ಸಮುದ್ರದ ದಡದ ಆರೋಗ್ಯಧಾಮಕ್ಕೆ ಕಳಿಸಿದರು. ಅಲ್ಲಿ ಅವನು ಬಿಸಿನೀರು ಕುಡಿದ, ಮಣ್ಣಿನ ಸ್ನಾನ ಮಾಡಿದ. ಉಳಿದ ಹೊತ್ತೆಲ್ಲ ಬೆಂಚಿನ ಮೇಲೆ ಕೂತು ಟ್ಯಾಕ್ಸಿಯವರನ್ನು ನೋಡಿದ. ಅವರು ಗಾಡಿ ನಿಲ್ಲಿಸಿದೊಡನೆ ಟಕ್ಕೆಂದು ಚಾವಿ ತಿರುಗಿಸಿ ಆಫ್ ಮಾಡುತ್ತಿದ್ದರು. ಚಾವಿಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತ ಇಳಿಯುತ್ತಿದ್ದರು. ಆಮೇಲೆ ಅದನ್ನು ಪ್ಯಾಂಟಿನ ಜೇಬಿಗೆ ಬಿಟ್ಟು ಸೀಟಿ ಹಾಕುತ್ತ ಹೋಗುತ್ತಿದ್ದರು. ತೆರೆಂತಿಗೆ ಎದೆ ಉರಿಯಿತು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದರೂ ತಾನು ಚಳಿಗಾಲದಲ್ಲಿ ಒಂದು ಸಲವೂ ಹೀಗೆ ಇಳಿದಿಲ್ಲವಲ್ಲ ಎನಿಸಿತು. ಮನುಷ್ಯ ಯಜಮಾನ, ಗಾಡಿ ಆಳು, ಸಾಕು ಅಂದಾಗ ಸುಮ್ಮನಾಗಬೇಕು, ಇದಪ್ಪಾ ನಾಗರಿಕತೆ ಎಂದು ತೀರ್ಮಾನಿಸಿದ.

ಊರಿಗೆ ಬಂದ ಮೂರನೇ ದಿನವೇ ಆ ನಾಗರಿಕತೆ ಹೊರಬಿತ್ತು. ಸರಕು ಇಳಿಸಿ ಸಂಜೆಗೆ ಮನೆಗೆ ಬಂದ ತೆರೆಂತಿ, ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕನ್ನಡಿಯಲ್ಲಿ ನೋಡಿದ. ಐಸಿನ ಮಂಜು ಕವಿದು ಬೀದಿಯೇ ಕಾಣಲಿಲ್ಲ. ಆದರೂ ಯಾರೋ ನೋಡುತ್ತಿರಬಹುದು ಎಂಬ ನಂಬಿಕೆಯಿಂದ ಟಕ್ಕೆಂದು ಚಾವಿ ತಿರುಗಿಸಿದ, ಬೆರಳಿಗೆ ಸಿಕ್ಕಿಸಿ ಎರಡು ಸುತ್ತು ಸುತ್ತಿಸಿದ, ಜೇಬಿಗೆ ಬಿಟ್ಟುಕೊಂಡು ಸೀಟಿ ಹಾಕುತ್ತ ಒಳಗೆ ಹೋದ. ಒಂದು ಲೋಟ ಹಾಲು ಚಹಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿದರಾಯಿತು ಎಂದಿದ್ದ. ಚಹಾದ ಹಿಂದೆ ಕುದುರೆ ಮಾಂಸದ ಸಾರು ಬಂತು, ಸಾರಿನ ಹಿಂದೆ ಹೆಪ್ಪುಗಟ್ಟಿದ ಮೀನಿನ ಚೂರು ಬಂತು. ಅದರ ಹಿಂದೆ ಒಲೆಯ ಬಿಸಿ ಬಂತು. ತೆರೆಂತಿ ಹತ್ತಿಯ ದಪ್ಪ ಪ್ಯಾಂಟಿನಲ್ಲೇ ಅಡ್ಡವಾದ.

ಕನಸಿನಲ್ಲಿ ಕಪ್ಪು ಸಮುದ್ರ. ಅಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು, ಸದ್ದೇ ಇಲ್ಲ. ದಡದ ಬೆಂಚುಗಳ ಮೇಲೆ ಊರಿನವರೆಲ್ಲ ತುಪ್ಪಳದ ಟೋಪಿ ಹಾಕಿ ಸಾಲಾಗಿ ಕೂತು ಸಮುದ್ರವನ್ನೇ ನೋಡುತ್ತಿದ್ದರು. ಏನು ಸುಖವಾದ ಮೌನ ಎಂದುಕೊಂಡ ತೆರೆಂತಿ ಕನಸಿನಲ್ಲೇ ಮಗ್ಗುಲು ಬದಲಿಸಿದ. ಇಪ್ಪತ್ತು ಚಳಿಗಾಲ ಅಂಗಳದ ಗುರುಗುಡುವಿಕೆಯಲ್ಲೇ ಮಲಗಿದವನಿಗೆ ಮೌನವೆಂದರೆ ಹೀಗೆ ಹತ್ತಿಯಂತೆ ಮೆತ್ತಗಿರುತ್ತದೆಂದು ಗೊತ್ತೇ ಇರಲಿಲ್ಲ. ಕಣ್ಣು ತೆರೆದಾಗ ಬೆಳಗಾಗಿತ್ತು. ಕನಸು ಮುಗಿದಿತ್ತು. ಮೌನ ಮಾತ್ರ ಮುಗಿದಿರಲಿಲ್ಲ.

"ಅಕುಲೀನಾ," ಎಂದ ಮೆಲ್ಲಗೆ. "ನನ್ನ ಕಿವಿ ಹೋಗಿದೆಯೇನೇ?"

ಒಲೆಯ ಮುಂದೆ ಕೂತಿದ್ದ ಹೆಂಡತಿ ತಿರುಗಿ ನೋಡಿದಳು. ಅವಳ ಮುಖ ಬಿಳುಚಿತ್ತು. "ಕಿವಿ ಹೋಗಿದ್ರೆ ಪರವಾಗಿರಲಿಲ್ಲ. ಲಾರಿ ಹೋಗಿದೆ."

ತೆರೆಂತಿ ಹಾಗೇ ಹೊರಗೆ ಓಡಿದ. ಲಾರಿ ಅಂಗಳದಲ್ಲಿ ಬಿಳಿ ಬಂಡೆಯಂತೆ ನಿಂತಿತ್ತು. ಚಾವಿ ಹಾಕಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ. ಅದೂ ಲಾರಿಯದಲ್ಲ, ಅವನ ಹಲ್ಲಿನ ಸದ್ದಿರಬೇಕು. ಚಾವಿ ಮತ್ತೆ ಜೇಬಿಗೇ ಹೋಯಿತು. ಇಂಜಿನ್ನಿನ ತಳದ ಚೇಂಬರಿನಲ್ಲಿದ್ದ ಆಯಿಲ್ ಡಾಂಬರಾಗಿತ್ತು. ಡೀಸೆಲು ತುಪ್ಪದ ಹಾಗೆ ಕಟ್ಟಿತ್ತು. ಉಸಿರು ಬಿಟ್ಟರೆ ಅದು ಹೆಪ್ಪುಗಟ್ಟಿ ಕಿವಿಯ ಪಕ್ಕ ಸರಸರ ಉದುರುವುದು ಕೇಳಿಸುತ್ತಿತ್ತು. ನಕ್ಷತ್ರಗಳು ಪಿಸುಗುಟ್ಟುತ್ತವೆ ಎನ್ನುತ್ತಾರೆ ಅದಕ್ಕೆ. ನಕ್ಷತ್ರಗಳು ತನ್ನನ್ನೇ ಆಡಿಕೊಳ್ಳುತ್ತಿವೆ ಎಂದು ತೆರೆಂತಿಗೆ ಸಂಶಯವೇ ಉಳಿಯಲಿಲ್ಲ.

ಅಂದು ಬೇರೆ ದಿನವಾಗಿದ್ದರೆ ಒಂದು ಮಾತು. ಅಂದು ಮಧ್ಯಾಹ್ನಕ್ಕೆ ನದಿಯ ಗಡ್ಡೆಯ ಮೇಲಿನ ದಾರಿ ತೆರೆಯುವುದಿತ್ತು. ಲಾರಿಗಳ ಸಾಲು ಆಚೆ ದಡದಿಂದ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತರಲು ಹೊರಡಬೇಕಿತ್ತು. ಅಧ್ಯಕ್ಷ ನಿಕಿಫೋರ್ ಪೆಟ್ರೋವಿಚ್ ಹಿಂದಿನ ದಿನವೇ ಹೇಳಿದ್ದ: ಮಧ್ಯಾಹ್ನಕ್ಕೆ ಯಾರ ಲಾರಿ ನದಿ ದಡದಲ್ಲಿ ಗುರುಗುಟ್ಟುತ್ತಿರುವುದಿಲ್ಲವೋ ಅವನು ಲಾರಿಯಿಂದ ಇಳಿದ ಹಾಗೆ. ಅವನಿಗೆ ಬಾಯ್ಲರ್ ಮನೆಯಲ್ಲಿ ಬೂದಿ ಎತ್ತುವ ಕೆಲಸ, ಅವನ ಲಾರಿ ಜಖಾರನಿಗೆ. ಜಖಾರ್ ಎಂದರೆ ಹಳೆಯ ಡಕೋಟಾ ಲಾರಿಯೊಂದನ್ನು ಓಡಿಸುತ್ತ, ತೆರೆಂತಿಯ ಲಾರಿಯನ್ನು ಬೇರೆಯವನ ಹೆಂಡತಿಯನ್ನು ನೋಡುವ ಹಾಗೆ ನೋಡುತ್ತಿದ್ದ ಆಸಾಮಿ.

"ಯಾರು ಆಫ್ ಮಾಡಿದ್ದು ಅಂತ ಕೇಳಿದ್ರೆ ಏನು ಹೇಳ್ತೀಯ?" ಎಂದಳು ಅಕುಲೀನಾ ಬಾಗಿಲಲ್ಲಿ ನಿಂತು.

"ನಾನೇ ಅಂತ ಹೇಳ್ತೀನಿ."

"ಹೇಳು. ಮೊಮ್ಮಕ್ಕಳ ಕಾಲಕ್ಕೂ ನಮ್ಮ ಮನೇನ ಚಳೀಲಿ ಲಾರಿ ಆಫ್ ಮಾಡಿದವರ ಮನೆ ಅಂತಾರೆ. ಹೆಣ್ಣು ಕೊಡಲ್ಲ, ಗಂಡು ಕೊಡಲ್ಲ. ನಾಯಿ ಮರೀನೂ ಕೊಡಲ್ಲ."

ತೆರೆಂತಿ ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಂಜಿನೊಳಗೆ ಬೂಟಿನ ಕಿರಕಿರ ಕೇಳಿಸಿತು. ಅಕುಲೀನಾ ಗಂಡನನ್ನು ಕುತ್ತಿಗೆ ಹಿಡಿದು ಒಳಗೆಳೆದು, ಒಳಕೋಣೆಯ ಮಂಚಕ್ಕೆ ದಬ್ಬಿ, ಕಂಬಳಿ ಹೊದಿಸಿದಳು. "ಮೈ ಸರಿಯಿಲ್ಲ ಅಂತೀನಿ. ಮಿಸುಕಬೇಡ."

ಬಂದವಳು ಪಕ್ಕದ ಮನೆಯ ಮಾವ್ರಾ ಅಜ್ಜಿ. ಊರಿನ ಹುಟ್ಟು, ಸಾವು, ಮದುವೆ ಮೂರರಲ್ಲೂ ಕೊನೆಯ ಮಾತು ಅವಳದೇ. ಬಾಗಿಲು ದಾಟಿದವಳೇ ಟೋಪಿ ತೆಗೆದಳು. ಅಜ್ಜಿ ಟೋಪಿ ತೆಗೆದದ್ದನ್ನು ಊರಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

"ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಕಣೇ," ಎಂದಳು. "ಏನೋ ಕಮ್ಮಿಯಾಗಿದೆ ಅನ್ನಿಸ್ತಿತ್ತು. ಬೆಳಿಗ್ಗೆ ಗೊತ್ತಾಯ್ತು ನಿಮ್ಮ ಲಾರಿ ನಿಂತಿದೆ ಅಂತ."

"ಅಜ್ಜೀ, ಅವನಿಗೆ ರಾತ್ರಿಯಿಂದ ಮೈ ಸರಿಯಿಲ್ಲ…"

"ನೀನೇ ನಿಲ್ಲಿಸಿದೆಯಾ ಇಂಜಿನ್ನು, ನಿನ್ನ ಕೈಯಾರೆ?"

ಅಕುಲೀನಾ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮಾವ್ರಾ ಅಜ್ಜಿಗೆ ಅಷ್ಟು ಸಾಕಾಯಿತು.

"ಅಳು ತಾಯಿ, ಅಳು. ಮೂತ್ರಪಿಂಡಾನೇ ಇರಬೇಕು. ಸಮುದ್ರದ ಗಾಳಿ ನಮ್ಮೋರಿಗೆ ಆಗೋದಿಲ್ಲ ಅಂತ ಬಡ್ಕೊಂಡೆ. ನಾನು ಊರಿಗೆ ಹೇಳ್ತೀನಿ." ಅವಳು ಮತ್ತೆ ಟೋಪಿ ಹಾಕಿ ಹೊರಟೇಹೋದಳು.

ಒಳಕೋಣೆಯಲ್ಲಿ ತೆರೆಂತಿ ಎದ್ದು ಕೂತ. "ಏನಂದಳೇ ಅವಳು?"

"ನೀನು ಸತ್ತೆ ಅಂದಳು."

"ಓಡು, ಕರಿ ಅವಳನ್ನ. ಸತ್ತಿಲ್ಲ ಅಂತ ಹೇಳು."

ಅಕುಲೀನಾ ಗಂಡನ ಮುಖವನ್ನೇ ನೋಡಿದಳು. "ಹೇಳ್ತೀನಿ. ಸತ್ತಿಲ್ಲ, ಆಫ್ ಮಾಡಿದಾನೆ ಅಂತ ಹೇಳ್ತೀನಿ. ಯಾವುದು ಬೇಕು ನೀನೇ ಆರಿಸ್ಕೋ."

ತೆರೆಂತಿ ಯೋಚಿಸಿದ. ಜೀವನದಲ್ಲಿ ಅಷ್ಟು ಆಳವಾಗಿ ಅವನು ಯೋಚಿಸಿದ್ದು ಅದೇ ಮೊದಲು. ಸಾವು ಎಲ್ಲರಿಗೂ ಬರುತ್ತದೆ, ಅದರಲ್ಲಿ ಅವಮಾನವಿಲ್ಲ. ಮೆಲ್ಲಗೆ ಮತ್ತೆ ಮಲಗಿ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡ.

ಸ್ವಲ್ಪ ಹೊತ್ತಿನಲ್ಲಿ ಮನೆ ತುಂಬಿತು. ಮೊದಲು ಬಂದವಳು ಅಕುಲೀನಾಳ ಅಕ್ಕ ಫೆಕ್ಲಾ. ಅಳುವುದರಲ್ಲಿ ಫೆಕ್ಲಾ ಮೂರು ಊರಿಗೆ ಹೆಸರುವಾಸಿ. ಬಾಗಿಲಲ್ಲೇ ರಾಗ ತೆಗೆದಳು, ರಾಗದ ನಡುವೆಯೇ ಸತ್ತ ಮನೆಯ ರೂಢಿಯಂತೆ ಗೋಡೆಯ ಕನ್ನಡಿಗೆ ಟವೆಲು ಹೊದಿಸಿದಳು, ಅಲಾಜಿ ದೋಸೆಗೆ ಹಿಟ್ಟು ಕಲಸಿದಳು, ಉಪ್ಪೆಲ್ಲಿದೆ ಎಂದು ಕೇಳಿದಳು, ಮತ್ತೆ ರಾಗ ಮುಂದುವರಿಸಿದಳು. "ಅಯ್ಯೋ ನನ್ನ ತಂಗಿಯ ಗಂಡ, ಎಂಥ ಕೈ, ಎಂಥ ಗೇರು… ಇದರಲ್ಲಿ ಸೋಡ ಹಾಕಿದೀಯೇನೇ ಅಕುಲೀನಾ… ನಿನ್ನಂಥ ಡ್ರೈವರು ಇನ್ನೆಲ್ಲಿ ಸಿಗ್ತಾನಪ್ಪೋ."

ಮುಖ ನೋಡಬೇಕು ಎಂದು ನಾಲ್ಕು ಜನ ಒಳಕೋಣೆಯ ಪರದೆಗೆ ಕೈ ಹಾಕಿದರು. ಅಕುಲೀನಾ ಅಡ್ಡ ನಿಂತಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಲಾರಿ ಏಳೋತನಕ ಯಾರೂ ನೋಡಬಾರದು. ಹಾಗೆ ಪದ್ಧತಿ."

ಎಲ್ಲರೂ ಮಾವ್ರಾ ಅಜ್ಜಿಯತ್ತ ತಿರುಗಿದರು. ತನಗೆ ಗೊತ್ತಿಲ್ಲದ ಪದ್ಧತಿಯೊಂದು ಊರಿನಲ್ಲಿದೆ ಎಂದು ಒಪ್ಪುವ ಹೆಂಗಸಲ್ಲ ಅವಳು. "ಹೌದು," ಎಂದಳು ಗಂಭೀರವಾಗಿ. "ನಮ್ಮಜ್ಜಿ ಕಾಲದಿಂದ್ಲೂ ಇದೆ."

"ಆಗ ಲಾರಿ ಎಲ್ಲಿತ್ತಜ್ಜೀ?" ಎಂದ ಜಖಾರ್ ಮೂಲೆಯಿಂದ.

"ಲಾರಿ ಇರಲಿಲ್ಲ. ಹಿಮಸಾರಂಗ ಇತ್ತು. ಅದು ಏಳೋತನಕ ಕಾಯ್ತಿದ್ರು. ನೀನು ಬಾಯಿ ಮುಚ್ಚು."

ಪರದೆಯ ಹಿಂದೆ ತೆರೆಂತಿ ಹಾಯಾಗಿ ತೇಲುತ್ತಿದ್ದ. ಒಲೆಯ ಬಿಸಿ, ಬೆಣ್ಣೆಯಲ್ಲಿ ಬೇಯುವ ಅಲಾಜಿಯ ವಾಸನೆ, ತನ್ನ ಗುಣಗಾನ, ಮೂರೂ ಒಂದೇ ಮಂಜಿನಂತೆ ಅವನನ್ನು ಕವಿದುಕೊಂಡವು. ಬದುಕಿದ್ದಾಗ ಒಬ್ಬನೂ ಒಂದು ಒಳ್ಳೆಯ ಮಾತು ಆಡದವರು ಈಗ ಸಾಲುಗಟ್ಟಿ ಆಡುತ್ತಿದ್ದರು. ಇಳಿಜಾರಿನಲ್ಲಿ ಅವನಂತೆ ಲಾರಿ ಇಳಿಸುವವರಿಲ್ಲ ಎಂದರು. ಯಾರಿಗೂ ಇಲ್ಲ ಎಂದವನಲ್ಲ ಎಂದರು. ಜಖಾರ್ ಕೂಡ ಗಂಟಲು ಸರಿಮಾಡಿಕೊಂಡು, "ಒಳ್ಳೆ ಮನುಷ್ಯ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸೋನು, ಅದೊಂದು ಬಿಟ್ರೆ ಒಳ್ಳೆ ಮನುಷ್ಯ" ಎಂದ. ಪರದೆಯ ಹಿಂದಿನಿಂದ ಹಲ್ಲು ಕಡಿದ ಸದ್ದು ಬಂತು. ಫೆಕ್ಲಾ ತಕ್ಷಣ ರಾಗ ಏರಿಸಿದ್ದರಿಂದ ಯಾರಿಗೂ ಕೇಳಲಿಲ್ಲ.

ನಿಜವಾಗಿಯೂ ಸತ್ತಿದ್ದೇನೋ ಏನೋ ಎಂದು ತೆರೆಂತಿಗೆ ಒಂದು ಗಳಿಗೆ ಅನುಮಾನವಾಯಿತು. ಸತ್ತವನಿಗೂ ಹೀಗೇ ಅನಿಸುತ್ತಿರಬಹುದಲ್ಲ. ಕಾಲಿನ ಹೆಬ್ಬೆರಳು ಆಡಿಸಿ ನೋಡಿಕೊಂಡ.

ಅಷ್ಟರಲ್ಲಿ ಅಧ್ಯಕ್ಷರ ಜೀಪು ಬಂತು. ನಿಕಿಫೋರ್ ಪೆಟ್ರೋವಿಚ್ ತೋಳದ ಚರ್ಮದ ಟೋಪಿಯನ್ನು ಎದೆಗೊತ್ತಿಕೊಂಡು ಒಳಗೆ ಬಂದು, ಟವೆಲು ಹೊದಿಸಿದ ಕನ್ನಡಿಯ ಮುಂದೆ ನಿಂತು ಅಭ್ಯಾಸಬಲದಿಂದ ಕೂದಲು ಸರಿಮಾಡಿಕೊಂಡ. "ಬಂಧುಗಳೇ," ಎಂದು ಶುರುಮಾಡಿದ. "ತೆರೆಂತಿ ಊರಿನ ಆಸ್ತಿಯಾಗಿದ್ದ. ಅವನ ಲಾರಿ ಕೂಡ ಊರಿನ ಆಸ್ತಿ. ಒಂದು ಆಸ್ತಿ ಹೋಯಿತು. ಇನ್ನೊಂದನ್ನ ಉಳಿಸ್ಕೋಬೇಕು." ಕಣ್ಣೊರೆಸಿಕೊಂಡು ಕೈಗಡಿಯಾರ ನೋಡಿದ. "ಮಧ್ಯಾಹ್ನಕ್ಕೆ ಸಾಲು ಹೊರಡುತ್ತೆ. ಲಾರಿ ಎದ್ದ ಕೂಡಲೇ ಜಖಾರ್ ತಗೊಂಡು ನದಿಗೆ ಬರಲಿ."

"ಗುಡ್ಡಕ್ಕೆ ಒಯ್ಯೋದು?" ಎಂದಳು ಮಾವ್ರಾ ಅಜ್ಜಿ.

"ಕಲ್ಲಿದ್ದಲು ತಂದ ಮೇಲೆ ಒಯ್ಯೋಣ. ಈ ಚಳೀಲಿ ಅವನೇನೂ ಕೆಡೋದಿಲ್ಲ."

ಅಜ್ಜಿ ಅಧ್ಯಕ್ಷರ ಬೂಟಿನ ಪಕ್ಕದಲ್ಲಿ ನೆಲಕ್ಕೆ ಉಗಿದಳು ಅಷ್ಟೇ. ಬೂಟಿನ ಮೇಲೆ ಉಗಿಯಲಿಲ್ಲ, ಸತ್ತ ಮನೆಯೆಂಬ ಮರ್ಯಾದೆಗೆ.

ತೆರೆಂತಿ ಕಿಟಕಿಯ ಗಾಜಿಗೆ ಕಟ್ಟಿದ್ದ ಐಸನ್ನು ಉಗುರಿನಿಂದ ಕೆರೆದು ಒಂದು ತೂತು ಮಾಡಿ ಕಣ್ಣಿಟ್ಟ. ಹೊರಗೆ ಹಗಲೂ ಅಲ್ಲದ ಸಂಜೆಯೂ ಅಲ್ಲದ ನೀಲಿ ಬೆಳಕು. ಮಂಜಿನೊಳಗಿಂದ ಜನ ಒಬ್ಬೊಬ್ಬರಾಗಿ ಮೂಡುತ್ತಿದ್ದರು, ಪ್ರತಿಯೊಬ್ಬರ ಬೆನ್ನ ಮೇಲೂ ಸೌದೆ. ಲಾರಿಯ ಮೂತಿಗೆ ಟಾರ್ಪಾಲಿನ ಗುಡಾರ ಕಟ್ಟಿದರು. ತಗಡಿನ ತಟ್ಟೆಗಳಲ್ಲಿ ಕೆಂಡ ತುಂಬಿ ಚೇಂಬರಿನ ಕೆಳಗೆ ತಳ್ಳಿದರು. ಮೊದಲ ಬೆಂಕಿಗೆ ಮಾವ್ರಾ ಅಜ್ಜಿ ಒಂದು ಅಲಾಜಿ, ಒಂದು ಚಮಚ ಬೆಣ್ಣೆ ಉಣಿಸಿದಳು. ಬೆಂಕಿ ಉಂಡು ಚಟಪಟ ಎಂದಿತು. ಯಾರೋ ಒಲೆಯ ಮೇಲೆ ಆಯಿಲ್ ಕಾಯಿಸಿ ಬಕೆಟಿನಲ್ಲಿ ತಂದು ಹೊಯ್ದರು. ಮುಸುಕಿನೊಳಗೆ ಕೆಂಪು ಬೆಳಕು ಉಸಿರಾಡುವಂತೆ ಏರಿಳಿಯುತ್ತಿತ್ತು. ಸಮುದ್ರದ ದಡದಲ್ಲಿ ಕೂತು ನೋಡಿದ ಸಂಜೆಗಳೆಲ್ಲ ಇದರ ಮುಂದೆ ಸಪ್ಪೆ ಎನಿಸಿತು ತೆರೆಂತಿಗೆ.

ಆಮೇಲೆ ಕಂಡದ್ದು ಅಷ್ಟು ಚೆನ್ನಾಗಿರಲಿಲ್ಲ. ಸೌದೆ ಮುಗಿಯುತ್ತ ಬಂದಿತ್ತು. ಮಾವ್ರಾ ಅಜ್ಜಿ ತನ್ನ ಮನೆಗೆ ಹೋಗಿ ಹಸುವಿನ ಕೊಟ್ಟಿಗೆಯ ಬಾಗಿಲನ್ನೇ ಕಿತ್ತು ಹಿಮದ ಮೇಲೆ ಎಳೆದುಕೊಂಡು ಬಂದಳು. ಅವಳಿಗಿರುವುದು ಒಂದು ಹಸು. ಆ ಹಸುವಿಗಿರುವುದು ಒಂದು ಬಾಗಿಲು. "ಹಾಕ್ರೋ ಬೆಂಕಿಗೆ," ಎಂದಳು. "ಹಸೂನ ರಾತ್ರಿ ನನ್ನ ಕೋಣೇಲಿ ಮಲಗಿಸ್ಕೋತೀನಿ. ಆ ಹುಡುಗ ತಣ್ಣನೆ ಲಾರೀಲಿ ಹೋಗೋದು ಬೇಡ." ತೆರೆಂತಿ ಕಿಟಕಿಯಿಂದ ಕಣ್ಣು ತೆಗೆದ. ಸತ್ತವನಂತೆ ಮಲಗುವುದು ಈಗ ಅಷ್ಟು ಹಾಯೆನಿಸಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲವಾಯಿತು. ಲಾರಿ ಬಿಸಿಯಾಗಿತ್ತು. ಜಖಾರ್ ಕ್ಯಾಬಿನ್ ಹತ್ತಿ ಗಂಡನ ಮನೆಗೆ ಬಂದ ಮದುಮಗಳಂತೆ ಸೀಟಿನ ಮೇಲೆ ಕೂತು, ಹಾಗೇ ಇಳಿದು ಬಂದಿದ್ದ.

"ಚಾವಿ ಇಲ್ಲ."

"ಇಲ್ಲ ಅಂದ್ರೆ?" ಎಂದ ಅಧ್ಯಕ್ಷ. "ಅದು ಅಲ್ಲೇ ಅಲ್ವಾ ಇರೋದು ಯಾವಾಗಲೂ?"

ನಿಜ. ಆ ಊರಿನಲ್ಲಿ ಚಳಿಗಾಲ ಪೂರ್ತಿ ಚಾವಿ ತೂತಿನಲ್ಲೇ ಇರುತ್ತದೆ. ಅದನ್ನು ಹೊರಗೆ ತೆಗೆಯಬಹುದು ಎಂಬುದೇ ಅರ್ಧ ಊರಿಗೆ ಗೊತ್ತಿಲ್ಲ. ಅಕುಲೀನಾಳನ್ನು ಕೇಳಿದರು. ಅವಳು ಅಳುತ್ತ, ಈ ಸಲ ನಿಜವಾಗಿಯೇ ಅಳುತ್ತ, "ಅವನ ಜೇಬಲ್ಲಿದೆ" ಎಂದಳು.

"ಜೊತೇಲಿ ತಗೊಂಡು ಹೋಗೋಕೆ ಇಟ್ಕೊಂಡಿದಾನೆ," ಎಂದಳು ಮಾವ್ರಾ ಅಜ್ಜಿ. "ಪಾಪ, ಲಾರಿ ಮೇಲೆ ಅಷ್ಟು ಪ್ರೀತಿ."

"ಜಖಾರ್, ಹೋಗಿ ತಗೊಂಡು ಬಾ," ಎಂದ ಅಧ್ಯಕ್ಷ.

"ನಾನು ಹೆಣದ ಜೇಬಿಗೆ ಕೈ ಹಾಕೋನಲ್ಲ ಅಧ್ಯಕ್ಷರೇ."

"ಲಾರಿ ಬೇಕು, ಚಾವಿ ಬೇಡ ಅಂದ್ರೆ ಹೇಗಪ್ಪ? ಹಸು ಬೇಕು, ಸಗಣಿ ಬೇಡ ಅಂದ ಹಾಗಾಯ್ತು. ಹೋಗು."

ಜಖಾರ್ ಒಳಗೆ ಬಂದ. ಪರದೆ ಸರಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗೋಡೆ ಸವರುತ್ತ ಮಂಚದ ಹತ್ತಿರ ಬಂದ. ಕಂಬಳಿಯ ಅಂಚು ಎತ್ತಿ, ಮೈನಸ್ ಐವತ್ತರಲ್ಲಿ ಕಬ್ಬಿಣ ಹಿಡಿದಿದ್ದ ಬರಿಗೈಯನ್ನು ತೆರೆಂತಿಯ ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. ಚಾವಿ ಇನ್ನೊಂದು ಜೇಬಿನಲ್ಲಿತ್ತು, ಈ ಜೇಬಿನಲ್ಲಿ ತೂತಿತ್ತು. ಕೈ ನೇರವಾಗಿ ತೊಡೆಗೆ ತಾಗಿತು.

ತೆರೆಂತಿ ತಡೆಯುವಷ್ಟು ತಡೆದ. ಹೆಣ ಎಷ್ಟು ಸಹಿಸಬಹುದೋ ಅಷ್ಟು ಸಹಿಸಿದ. "ಜಖಾರ್," ಎಂದ ಕೊನೆಗೆ, ಮೆಲ್ಲಗೆ. "ಕೈ ಬೆಚ್ಚಗೆ ಮಾಡ್ಕೊಂಡಾದ್ರೂ ಬರಬಾರದಾ?"

"ತಪ್ಪಾಯ್ತಣ್ಣ, ಹೊರಗೆ ಬಹಳ ಚಳಿ," ಎಂದ ಜಖಾರ್.

ಆಮೇಲೆ ಅವನು ಕಣ್ಣು ತೆರೆದ. ಕೈಯನ್ನು ಜೇಬಿನಿಂದ ಹೊರಗೆಳೆದುಕೊಂಡು, ಬಂದ ಹಾಗೇ ಗೋಡೆ ಸವರುತ್ತ ಹಿಂದಕ್ಕೆ ನಡೆದು, ಹೊಸ್ತಿಲು ದಾಟಿ, ಅಂಗಳಕ್ಕೆ ಹೋಗಿ ಅಧ್ಯಕ್ಷರ ಮುಂದೆ ನಿಂತ.

"ಸಿಕ್ತಾ?"

"ಕೊಡಲ್ಲ ಅಂತಾನೆ," ಎಂದ ಜಖಾರ್. ಹಾಗೇ ಹಿಮದ ಮೇಲೆ ಕೂತುಬಿಟ್ಟ.

ಅವನ ಹಿಂದೆಯೇ ತೆರೆಂತಿ ಬಾಗಿಲಲ್ಲಿ ಕಾಣಿಸಿಕೊಂಡ. ಬಿಳಿ ಅಂಗಿ, ಉಣ್ಣೆಯ ಬೂಟು, ಬೋಳು ತಲೆ. ತಲೆಯಿಂದ ಹಬೆ ಏಳುತ್ತಿತ್ತು. ಯಾರೂ ಕೂಗಲಿಲ್ಲ. ಯಾರೂ ಓಡಲಿಲ್ಲ. ಅಷ್ಟು ಚಳಿಯಲ್ಲಿ ಓಡಿದರೆ ಎದೆ ಒಡೆಯುತ್ತದೆಂದು ಎಲ್ಲರಿಗೂ ಗೊತ್ತು. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಮಂಜು ಎರಡು ಪಾಲಾಗಿ ದಾರಿ ಬಿಟ್ಟಿತು. ತೆರೆಂತಿ ಅದರ ನಡುವೆ ನಡೆದ. ಕೆಂಡದ ಬೆಳಕು, ಬಾಗಿದ ತಲೆಗಳು, ಫೆಕ್ಲಾಳ ಕೈಯಲ್ಲಿ ಹಾಗೇ ನಿಂತ ಸೌಟು, ಎಲ್ಲವೂ ನೀರಿನಡಿಯಲ್ಲಿದ್ದಂತೆ ತೂಗುತ್ತಿದ್ದವು. ಅವನ ಹೆಜ್ಜೆಯ ಸದ್ದು ಅವನಿಗೇ ಬೇರೆ ಯಾರದೋ ಎನಿಸಿತು.

ಕ್ಯಾಬಿನ್ ಹತ್ತಿ ಕೂತ. ಕ್ಲಚ್ ಒತ್ತಿ ಚಾವಿ ಹಾಕಿ ಅರ್ಧ ತಿರುಗಿಸಿ ಕಾದ. ಸೆಲ್ಫ್ ಹೊಡೆದ. ಗೊಂಯ್ ಎಂದು ಮುದಿ ನಾಯಿಯಂತೆ ನರಳಿತು. ಮತ್ತೆ ಹೊಡೆದ. ಕೆಮ್ಮಿತು, ಕಪ್ಪಗೆ ಉಗುಳಿತು, ಸುಮ್ಮನಾಯಿತು. ತೆರೆಂತಿ ಸ್ಟೀರಿಂಗಿಗೆ ಹಣೆ ಹಚ್ಚಿದ. "ನನ್ನದು ತಪ್ಪಾಯ್ತು ಕಣೇ," ಎಂದ ಲಾರಿಗೆ. "ಅವರು ಸಮುದ್ರದವರು. ನಾವಲ್ಲ." ಮೂರನೇ ಸಲಕ್ಕೆ ಒಂದು ಸಿಲಿಂಡರು ಹಿಡಿಯಿತು. ಅದರ ಪಕ್ಕದ್ದು ಹಿಡಿಯಿತು. ಲಾರಿ ಮೈ ಜಾಡಿಸಿ, ಹಿಮವನ್ನೆಲ್ಲ ಕೊಡವಿ, ಊರೇ ನಡುಗುವ ಹಾಗೆ ಗುಡುಗಿತು. ಬಿಳಿ ಹೊಗೆ ನೇರವಾಗಿ ಆಕಾಶಕ್ಕೆ ಕಂಬದಂತೆ ನಿಂತಿತು.

ಅದುವರೆಗೆ ಸುಳ್ಳೇ ಅಳುತ್ತಿದ್ದವರೆಲ್ಲ ಆಗ ನಿಜವಾಗಿ ಅತ್ತರು.

ತೆರೆಂತಿ ಇಳಿದು ಬಂದ. ಇಂಜಿನ್ ಓಡುತ್ತಿತ್ತು, ಚಾವಿ ತೂತಿನಲ್ಲೇ ಇತ್ತು. ಅಧ್ಯಕ್ಷ ಅವನನ್ನು ಸುತ್ತು ಹಾಕಿ ನೋಡಿದ. "ಏನಯ್ಯ ಇದೆಲ್ಲ?"

ತೆರೆಂತಿಯ ಕಣ್ಣು ಮಾವ್ರಾ ಅಜ್ಜಿಯ ಕೊಟ್ಟಿಗೆ ಬಾಗಿಲಿನ ಮೇಲೆ ಬಿತ್ತು. ಅದರಲ್ಲಿ ಉಳಿದದ್ದು ಬರೀ ಕಬ್ಬಿಣದ ಕೀಲುಗಳು, ಬೂದಿಯಲ್ಲಿ ಕೆಂಪಗೆ ಹೊಳೆಯುತ್ತಿದ್ದವು. ಅಕುಲೀನಾ ದೂರದಿಂದಲೇ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಲಾರಿ ಹೋದರೆ ಹೋಗಲಿ ಎಂದುಕೊಂಡ ತೆರೆಂತಿ.

"ನಾನು ಸತ್ತಿರಲಿಲ್ಲ," ಎಂದ. "ಸುಮ್ನೆ ಮಲಗಿದ್ದೆ. ಲಾರೀನ ನಾನೇ ಆಫ್ ಮಾಡಿದ್ದು. ಸಮುದ್ರದ ಕಡೆಯೋರು ಮಾಡ್ತಾರಲ್ಲ ಹಾಗೆ, ಚಾವಿ ತಿರುಗಿಸಿ ಜೇಬಿಗೆ ಹಾಕ್ಕೊಂಡೆ. ಶೋಕಿಗೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಚಳೀಲಿ?" ಎಂದ ಒಬ್ಬ ಮುದುಕ.

"ಚಳೀಲಿ."

"ಇಂಜಿನ್ನ?"

"ಇಂಜಿನ್ನ."

ಮುದುಕ ಮರುಕದಿಂದ ತಲೆಯಾಡಿಸಿದ. "ಮಿದುಳಿಗಿನ್ನೂ ಬಿಸಿ ಹತ್ತಿಲ್ಲ. ಪಾಪ, ದೂರ ಹೋಗಿ ಬಂದಿದಾನಲ್ಲ."

"ಈ ಊರಲ್ಲಿ ಹುಟ್ಟಿದ ನಾಯೀನೂ ಆ ಕೆಲಸ ಮಾಡೋದಿಲ್ಲ," ಎಂದ ಮತ್ತೊಬ್ಬ.

"ಸಾವಿನ ಮೇಲೆ ದೂರು ಬರಬಾರದು ಅಂತ ತನ್ನ ಮೇಲೆ ಹಾಕ್ಕೋತಾನೆ," ಎಂದಳು ಮಾವ್ರಾ ಅಜ್ಜಿ. ಅವಳ ಕಣ್ಣು ಒದ್ದೆಯಾಗಿ ರೆಪ್ಪೆಗಳು ಐಸಿನಿಂದ ಅಂಟಿಕೊಂಡಿದ್ದವು. "ದೊಡ್ಡ ಮನಸ್ಸು. ನೀವೆಲ್ಲ ನೋಡಿದ್ರಲ್ಲ? ಅವನು ಹೋದ, ಲಾರಿ ನಿಂತಿತು. ಬೆಂಕಿ ಹಾಕಿ ಲಾರೀನ ಬಿಸಿ ಮಾಡಿದ್ವಿ, ಅವನು ಎದ್ದ. ಇಬ್ಬರದೂ ಒಂದೇ ಉಸಿರು."

"ಅಜ್ಜೀ, ದಮ್ಮಯ್ಯ, ನಾನು ಆಫ್ ಮಾಡಿದ್ದು—"

"ಯಾರಾದ್ರೂ ಅವನಿಗೆ ಟೋಪಿ ಹಾಕ್ರಪ್ಪ, ಏನೇನೋ ಮಾತಾಡ್ತಿದಾನೆ."

ಅಧ್ಯಕ್ಷ ಜಖಾರನ ಕಡೆ ನೋಡಿದ. ಹಿಮದ ಮೇಲೆ ಕೂತಿದ್ದ ಜಖಾರ್ ಕೈಯೆತ್ತಿ ಮುಗಿದ. "ನನ್ನ ಡಕೋಟಾನೇ ಸಾಕು. ಆ ಸೀಟಿನ ಮೇಲೆ ಇನ್ನೊಂದು ಸಲ ನನ್ನ ಕುಂಡೆ ಇಡೋಲ್ಲ." ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, ತಾನು ಮೊದಲೇ ತೀರ್ಮಾನಿಸಿದ್ದೆ ಎಂಬಂತೆ ಗಟ್ಟಿಯಾಗಿ ಘೋಷಿಸಿದ: ಈ ಲಾರಿಯನ್ನು ತೆರೆಂತಿಯಿಂದ ಯಾರೂ ಯಾವತ್ತೂ ಕಿತ್ತುಕೊಳ್ಳುವಂತಿಲ್ಲ. ಮಾಡಿದ ಅಲಾಜಿ ದಂಡವಾಗಬಾರದೆಂದು ಫೆಕ್ಲಾ ಎಲ್ಲರಿಗೂ ಬಡಿಸಿದಳು. ಸತ್ತವನೇ ಎಲ್ಲರಿಗಿಂತ ಹೆಚ್ಚು ತಿಂದ. ಮಧ್ಯಾಹ್ನ ಸಾಲು ನದಿಗೆ ಇಳಿದಾಗ ತೆರೆಂತಿಯ ಲಾರಿ ಎಲ್ಲಕ್ಕಿಂತ ಮುಂದಿತ್ತು. ಮುಂದಿನ ದಿನಗಳಲ್ಲಿ ಅಕು­ಲೀನಾಳ ಸಂಕೋಚ ಹೇಳತೀರದು, ಊರು ಅವಳ ಸುಳ್ಳನ್ನು ನಂಬಿಬಿಟ್ಟಿತ್ತಲ್ಲ. ಮಾವ್ರಾ ಅಜ್ಜಿಗೆ ತೆರೆಂತಿ ಹೊಸ ಬಾಗಿಲು ಮಾಡಿಕೊಟ್ಟ, ಅದಕ್ಕೂ ಊರು ಅವನನ್ನು ಹೊಗಳಿತು.

ಮೇ ತಿಂಗಳಲ್ಲಿ ಗಡ್ಡೆ ಬಿರಿಯಿತು. ಊರಿನ ಲಾರಿಗಳು ಒಂದೊಂದಾಗಿ ನಿಂತವು. ಬೇಸಿಗೆಯ ಮೌನ ಮನೆ ಮನೆಗೆ ಇಳಿಯಿತು. ತೆರೆಂತಿಯೂ ಸಂತೋಷದಿಂದ ಚಾವಿಗೆ ಕೈ ಹಾಕಿದ. ತಿರುಗಿಸುವ ಮೊದಲು ಯಾಕೋ ಕನ್ನಡಿಯಲ್ಲಿ ನೋಡಿದರೆ, ಬೇಲಿಯ ಪಕ್ಕ ಇಡೀ ಊರು ನಿಂತಿತ್ತು.

"ಕೈ ತೆಗಿ," ಎಂದ ಅಧ್ಯಕ್ಷ.

"ಬೇಸಿಗೆ ಬಂತಲ್ಲ ಅಧ್ಯಕ್ಷರೇ."

"ಬೇಸಿಗೇಲೂ ಜನ ಸಾಯ್ತಾರೆ. ನನ್ನ ಅವಧೀಲಿ ಬೇಡ. ಡೀಸೆಲು ಪಂಚಾಯ್ತಿಯಿಂದ ಕೊಡ್ತೀವಿ."

ಶಾಲೆಯ ಸೋರುವ ಮಾಡಿನ ರಿಪೇರಿಗೆ ಎಂಟು ವರ್ಷದಿಂದ ಹಣವಿಲ್ಲ ಎನ್ನುತ್ತಿದ್ದ ಅದೇ ಪಂಚಾಯ್ತಿ. ಡೀಸೆಲು ಪೀಪಾಯಿ ಪೀಪಾಯಿಯಾಗಿ ಬಂತು. ಲಾರಿ ಜೂನ್ ಪೂರ್ತಿ ಗುರುಗುಟ್ಟಿತು. ಜುಲೈಯಲ್ಲಿ ಹುಲ್ಲು ಕೊಯ್ಲಿಗೆ ಹೋದಾಗ ಬಯಲಿನ ಅಂಚಿನಲ್ಲಿ ನಿಂತು ಗುರುಗುಟ್ಟಿತು. ಸುಡು ಬಿಸಿಲು, ಸೊಳ್ಳೆಗಳ ಮೋಡ, ಕಾದ ಡೀಸೆಲಿನ ವಾಸನೆ. ತೆರೆಂತಿ ಹುಲ್ಲಿನ ಮೆದೆಯ ಮೇಲೆ ಬಿದ್ದುಕೊಂಡು, ಕಿವಿಗೆ ಹುಲ್ಲು ತುರುಕಿಕೊಂಡು, ಸದ್ದಿಲ್ಲದ ಅಲೆಗಳು ಬಂದಾವೇ ಎಂದು ಕಣ್ಣು ಮುಚ್ಚಿದ. ಬರಲಿಲ್ಲ.

ಕಣ್ಣು ತೆರೆದಾಗ ಮಾವ್ರಾ ಅಜ್ಜಿ ಕುಂಟುತ್ತ ಬಯಲು ದಾಟಿ ಬರುತ್ತಿದ್ದಳು. ಅವನ ಪಕ್ಕದಲ್ಲೇ ಹಾದುಹೋದಳು, ಅವನತ್ತ ತಿರುಗಲಿಲ್ಲ. ನೇರವಾಗಿ ಲಾರಿಯ ಹತ್ತಿರ ಹೋಗಿ, ತಲೆವಸ್ತ್ರ ಸರಿಸಿ, ಬಾನೆಟ್ಟಿಗೆ ಕಿವಿ ಹಚ್ಚಿ ನಿಂತಳು.

"ಅಜ್ಜೀ, ನಾನು ಇಲ್ಲಿದೀನಿ," ಎಂದ ತೆರೆಂತಿ. "ಚೆನ್ನಾಗೇ ಇದೀನಿ."

ಅಜ್ಜಿ ಒಂದು ಬೆರಳೆತ್ತಿದಳು.

"ಸ್ವಲ್ಪ ಸುಮ್ನಿರು ಮಾರಾಯ. ನಿನ್ನ ಉಸಿರು ಕೇಳ್ತಾ ಇದೀನಿ."